ಡೊಳ್ಳು ಕೊನೆಗೆ ಕೊಡಿ: ಶಿವಮೊಗ್ಗದ ಶಾಲೆಗಳಲ್ಲಿ ಕುಣಿತ ಕಲಿಸಿದ ನನ್ನ ಅನುಭವ

ಡೊಳ್ಳಿಲ್ಲದೆ ಡೊಳ್ಳು ಕುಣಿತ ಕಲಿಸ್ತೇನೆ ಅಂದಾಗ ಮೊದಲು ನಕ್ಕವರು ನಮ್ಮ ತಂಡದವರೇ. "ಎಂತ ಮಾರಾಯ, ಎಮ್ಮೆ ಇಲ್ದೆ ಹಾಲು ಕರೆಯೋಕೆ ಹೊರಟ್ಯಾ?" ಅಂತ ತಂಡದ ಹಿರಿಯರೊಬ್ಬರು ಎಲ್ಲರೆದುರೇ ಕೇಳಿದ್ದರು. ಈಗ ಶಿವಮೊಗ್ಗ ಪೇಟೆಯ ಎರಡು ಶಾಲೆಗಳಲ್ಲಿ ನೂರಕ್ಕೂ ಜಾಸ್ತಿ ಮಕ್ಕಳು ಕುಣಿಯುತ್ತಿದ್ದಾರೆ. ಅದೇ ಹಿರಿಯರು ಕಳೆದ ವರ್ಷ ತಮ್ಮ ಮೊಮ್ಮಗನನ್ನು ನನ್ನ ಹತ್ತಿರ ಕಳಿಸಿದರು. ಹಾಗಾಗಿ ಇಷ್ಟು ಬರೆಯಬಹುದು ಅಂದುಕೊಂಡಿದ್ದೇನೆ.

ಡೊಳ್ಳು ಅಂದ್ರೇನು, ಕುರುಬರ ದೇವರು ಬೀರೇಶ್ವರನ ಕತೆ ಏನು ಅಂತ ಇದನ್ನು ಓದುವವರಿಗೆ ಹೇಳಬೇಕಾಗಿಲ್ಲ. ಊರಲ್ಲಿ ಹುಡುಗರು ಹೇಗೆ ಕಲಿಯುತ್ತಾರೆ ಅನ್ನೋದೂ ಗೊತ್ತು. ಹುಡುಗ ಒಂದಷ್ಟು ಹಬ್ಬ, ಜಾತ್ರೆ ತಂಡದ ಹಿಂದೆ ತಾಳ ಹಿಡಿದುಕೊಂಡು ತಿರುಗುತ್ತಾನೆ. ಯಾರೋ ಬರಲಿಲ್ಲ ಅಂತ ಒಂದಿನ ಅವನ ಹೆಗಲಿಗೆ ಡೊಳ್ಳು ಬೀಳುತ್ತದೆ. ಅಷ್ಟೊತ್ತಿಗೆ ಗತ್ತು, ಅಂದ್ರೆ ಪೆಟ್ಟಿನ ವರಸೆ, ಮೈಗೆ ಇಳಿದಿರುತ್ತದೆ. ಪೇಟೆ ಶಾಲೆಯಲ್ಲಿ ನಮಗೆ ಸಿಗೋದು ವಾರಕ್ಕೆ ಎರಡು ಪೀರಿಯಡ್. ಒಂದೊಂದು 40 ನಿಮಿಷ. ಅದರಲ್ಲಿ ಹತ್ತು ನಿಮಿಷ ಶೂ ಬಿಚ್ಚೋದಕ್ಕೆ, ಹಾಕೋದಕ್ಕೆ ಹೋಗುತ್ತದೆ.

ಮೊದಲ ವರ್ಷ ನಾನೂ ಎಲ್ಲರ ಹಾಗೆ ಡೊಳ್ಳು ಹೊತ್ತುಕೊಂಡೇ ಹೋದೆ. ಊರಿಂದ ಆರು ಡೊಳ್ಳು, ದೊಡ್ಡವರದ್ದು. ಒಂದೊಂದು ಹತ್ತು ಹನ್ನೆರಡು ಕೆಜಿ ಇರಬೇಕು. ಆರನೇ ಕ್ಲಾಸಿನ ಮಗು ತೂಗೋದೇ ಮೂವತ್ತು ಕೆಜಿ. ಹೆಗಲಿಗೆ ಹಾಕಿದ ಕೂಡಲೇ ಸೊಂಟ ಹಿಂದಕ್ಕೆ ಬಾಗುತ್ತದೆ. ಇನ್ನು ಕಾಲು ಏಳೋದೆಲ್ಲಿಂದ? ನಲವತ್ತು ಮಕ್ಕಳಿಗೆ ಆರು ಡೊಳ್ಳು. ಪಟ್ಟಿ ಕಟ್ಟಿ, ಬಿಚ್ಚಿ, ಇನ್ನೊಬ್ಬರಿಗೆ ಕಟ್ಟುವುದರೊಳಗೆ ಒಂದು ಮಗುವಿಗೆ ಮೂರು ನಿಮಿಷ ಸಿಕ್ಕರೆ ಹೆಚ್ಚು. ಉಳಿದವರು ಏನು ಮಾಡುತ್ತಾರೆ? ಒಬ್ಬರ ಜಡೆ ಒಬ್ಬರು ಎಳೆಯುತ್ತಾರೆ. ದೀಪಾವಳಿ ಹೊತ್ತಿಗೆ ಶಾಲೆಯವರು "ಪರೀಕ್ಷೆ ಬಂತು ಸಾರ್, ಸದ್ಯಕ್ಕೆ ಬೇಡ" ಅಂದರು. ಎರಡು ತಿಂಗಳ ದುಡ್ಡು ಇವತ್ತಿಗೂ ಬಂದಿಲ್ಲ. ಕೇಳಿ ಕೇಳಿ ಬಿಟ್ಟೆ.

ಇದರ ಮೇಲೆ ಮಳೆ. ಶಿವಮೊಗ್ಗ ಪೇಟೆಯ ಮಳೆ ಆಗುಂಬೆ ಮಳೆಯಲ್ಲ, ನಿಜ. ಆದರೆ ಶಾಲೆ ಶುರುವಾಗೋದು ಜೂನ್‌ನಲ್ಲಿ. ಆರಿದ್ರಾ ಮಳೆ ಹಿಡಿದರೆ ಚರ್ಮ ಥಂಡಿ ಕುಡಿದು ಸಡಿಲಾಗುತ್ತದೆ. ಬೆಳಿಗ್ಗೆ ಹಗ್ಗ ಬಿಗಿದು ತಂದ ಡೊಳ್ಳು ಮಧ್ಯಾಹ್ನದ ಪೀರಿಯಡ್‌ಗೆ ದಪ್ ದಪ್ ಅನ್ನುತ್ತದೆ. ಊರಲ್ಲಾದರೆ ಹುಲ್ಲಿಗೆ ಬೆಂಕಿ ಹಾಕಿ ಕಾಯಿಸಿಕೊಳ್ಳುತ್ತೇವೆ. ಶಾಲೆ ಅಂಗಳದಲ್ಲಿ ಬೆಂಕಿ ಹಾಕಿದರೆ ಮರುದಿನ ನಮಗೆ ಗೇಟೇ ತೆಗೆಯಲ್ಲ. ಬಲ್ಬಿನ ಪೆಟ್ಟಿಗೆ ಮಾಡಿ ನೋಡಿದೆ. ಹಳೇ ಪ್ಲೈವುಡ್ ಪೆಟ್ಟಿಗೆ, ಒಳಗೆ ಕೋಳಿಮರಿಗೆ ಇಡುವಂಥ ಎರಡು ಹಳೇ ಕಾಲದ ಬಲ್ಬ್. ಒಂದು ಡೊಳ್ಳು ಹದಕ್ಕೆ ಬರೋಕೆ ಮುಕ್ಕಾಲು ಗಂಟೆ ಬೇಕು. ಅವಸರಕ್ಕೆ ಬಲ್ಬ್ ಹತ್ತಿರ ಇಟ್ಟ ಒಂದು ಚರ್ಮ ಅಂಚಿನಲ್ಲಿ ಸೀಳಿತು. ಹೊಸ ಚರ್ಮ ಹಾಕಿಸಲು ಸಾವಿರದ ಹತ್ತಿರ ಹೋಯಿತು.

ಎರಡನೇ ವರ್ಷ ಸೊಸೈಟಿಯಲ್ಲಿ ಸಾಲ ಮಾಡಿ ಮಕ್ಕಳ ಅಳತೆಯ ಎಂಟು ಡೊಳ್ಳು ಮಾಡಿಸಿದೆ. ಒಂದಕ್ಕೆ ಆರೂವರೆ ಸಾವಿರ ಬಿತ್ತು ಅಂತ ನೆನಪು. ಒಟ್ಟು 52 ಸಾವಿರ. ಎರಡೂ ಬದಿಗೆ ಫೈಬರ್ ಹಾಕಿಸಿದೆ, ಮಳೆ ಗೊಡವೆ ಬೇಡ ಅಂತ. ಮಳೆಗೇನೋ ಜಗ್ಗಲಿಲ್ಲ. ಆದರೆ ಎಡಗೈಯ ಸದ್ದು ಸತ್ತೇ ಹೋಯಿತು. ಅಂಗೈ ಬಿದ್ದರೆ ಗುಮ್ ಅನ್ನಬೇಕಾದ್ದು ಟಪ್ ಅನ್ನುತ್ತಿತ್ತು. ಈಗ ಕೋಲು ಬೀಳುವ ಬಲಬದಿಗೆ ಮಾತ್ರ ಫೈಬರ್, ಕೈ ಬೀಳುವ ಎಡಬದಿಗೆ ಚರ್ಮ. ಕಾಯಿಸುವ ಕೆಲಸ ಅರ್ಧ ಆಯಿತು, ಸದ್ದೂ ಉಳಿಯಿತು. ಹಳೇ ಕಲಾವಿದರು ಮೂಗು ಮುರಿಯಬಹುದು. ಜುಲೈ ತಿಂಗಳಲ್ಲಿ ಒಂದು ಸಲ ಬಂದು ನೋಡಿ, ಆಮೇಲೆ ಮಾತಾಡೋಣ.

ಮಕ್ಕಳ ಸಾಲು ಮಾತ್ರ ಹಾಗೇ ಇತ್ತು. ಎಂಟು ಜನ ಬಾರಿಸುತ್ತಾರೆ, ಮೂವತ್ತೆರಡು ಜನ ಕಾಯುತ್ತಾರೆ. ಆ ಮೂವತ್ತೆರಡು ಜನರ ಕಾಲು, ಕೈ, ಬಾಯಿ ಸುಮ್ನೆ ಬಿದ್ದಿವೆಯಲ್ಲ, ಅದನ್ನೇ ಯಾಕೆ ದುಡಿಸಬಾರದು ಅನ್ನಿಸಿದ್ದು ಆಗ. ಮೂರನೇ ವರ್ಷ ಜೂನ್‌ನಿಂದ ದಸರಾ ರಜೆ ಮುಗಿಯುವವರೆಗೆ ಡೊಳ್ಳು ಶಾಲೆಗೆ ಬರೋದೇ ಬೇಡ ಅಂತ ನಿರ್ಧಾರ ಮಾಡಿದೆ.

ಮೊದಲು ಬಾಯಿ. ತಕಿಟ, ತಕದಿಮಿ ಅಂತ ಹೇಳಿಕೊಟ್ಟರೆ ಸಂಗೀತ ಕಲಿಯುವ ನಾಲ್ಕು ಮಕ್ಕಳು ಬಿಟ್ಟರೆ ಉಳಿದವರು ಮಿಕಮಿಕ ನೋಡುತ್ತಾರೆ. ಒಂದು ಸಂಜೆ ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಇದಕ್ಕೆ ದಾರಿ ಸಿಕ್ಕಿತು. "ಸಾಗರ ಸಾಗರ ಸಾಗರ" ಅಂತ ಒಬ್ಬ ಕೂಗುತ್ತಿದ್ದ. ಪಕ್ಕದಲ್ಲಿ ಇನ್ನೊಬ್ಬ "ಸೊರಬ ಸೊರಬ". ಕೇಳುತ್ತಾ ನಿಂತರೆ ತಾಳದ ಎಣಿಕೆಯಲ್ಲಿ ಒಂದು ನಾಲ್ಕು ಮಾತ್ರೆ, ಇನ್ನೊಂದು ಮೂರು! ಬಸ್ ಬಿಟ್ಟು ಅಲ್ಲೇ ಕೂತು ಊರಿನ ಹೆಸರುಗಳನ್ನೆಲ್ಲ ಬೆರಳಲ್ಲಿ ಎಣಿಸಿದೆ.

ಸೊರಬ ಮೂರು: ಬಲ, ಎಡ, ಎಡ. ಸಾಗರ ನಾಲ್ಕು: "ಸಾ"ಗೆ ಬಲಗೈ ಒಂದು ಪೆಟ್ಟು ಹಾಕಿ ಒಂದು ಮಾತ್ರೆ ಬಿಡಬೇಕು, ಗ-ರ ಎರಡೂ ಎಡಗೈ. ಹೊಸನಗರ ಐದು, ಅದೂ ಎರಡು-ಮೂರಾಗಿ ತಾನೇ ಒಡೆದುಕೊಳ್ಳುತ್ತದೆ: ಹೊಸ, ನಗರ. ಏಳಕ್ಕೆ ಹುಡುಕುತ್ತಾ ಇದ್ದಾಗ ಸಿಟಿ ಬಸ್ಸಿನ ಬೋರ್ಡೇ ಸಿಕ್ಕಿತು, ವಿನೋಬನಗರ. "ವಿನೋ" ಮೂರು, "ಬನಗರ" ನಾಲ್ಕು. ಮಿಶ್ರ ಜಾತಿಯನ್ನು, ಅಂದ್ರೆ ಏಳರ ತಾಳವನ್ನು, ಇದಕ್ಕಿಂತ ಸಲೀಸಾಗಿ ಹೇಳಿಕೊಡುವ ದಾರಿ ನನಗಂತೂ ಸಿಕ್ಕಿಲ್ಲ. ನಮ್ಮ ತಂಡದಲ್ಲಿ ಮೂರು, ನಾಲ್ಕರ ಗತ್ತುಗಳೇ ಜಾಸ್ತಿ. ಏಳು ಬಂದರೆ ದೊಡ್ಡವರೇ ಒಂದೊಂದು ಸಲ ಎಡವುತ್ತಾರೆ. ಈ ಮಕ್ಕಳು ಎರಡನೇ ವಾರಕ್ಕೇ ವಿನೋಬನಗರ ಅಂತ ಕುಣಿಯುತ್ತಾ ನೀರು ಕುಡಿಯೋಕೆ ಹೋಗುತ್ತಿದ್ದರು. ಶಿಕಾರಿಪುರ, ಭದ್ರಾವತಿ, ತೀರ್ಥಹಳ್ಳಿ ಮೂರೂ ಆರು ಮಾತ್ರೆ, ಆದರೆ ಪೆಟ್ಟು ಬೀಳುವ ಜಾಗ ಬೇರೆ ಬೇರೆ. ಆ ಮೂರನ್ನೂ ಒಟ್ಟಿಗೆ ಮೂರು ಗುಂಪಿಗೆ ಕೊಟ್ಟು ನೋಡಿ. ಎಂಥ ಮಜಾ ಬರುತ್ತದೆ ಅಂತ ನಾನು ಹೇಳಲ್ಲ.

ಆಮೇಲೆ ಕಾಲು. ಪೇಟೆ ಮಕ್ಕಳಿಗೆ ಬರಿಗಾಲು ಅಭ್ಯಾಸ ಇಲ್ಲ. ಟೈಲ್ಸ್ ಮೇಲೆ ಜಾರುತ್ತಾರೆ, ಸಿಮೆಂಟ್ ಮೇಲೆ ಹಿಮ್ಮಡಿ ಕುಟ್ಟಿ ಮನೆಗೆ ಹೋಗಿ ಅಳುತ್ತಾರೆ. ಮೊದಲ ತಿಂಗಳು ಹಿಮ್ಮಡಿ ನೆಲಕ್ಕೆ ತಾಗಲೇಬಾರದು, ಮುಂಗಾಲಲ್ಲೇ ಹಾರಬೇಕು. ಹಿಮ್ಮಡಿ ಪೆಟ್ಟು ಮಣ್ಣಿನ ಅಂಗಳಕ್ಕೆ ಹೋದ ಮೇಲೆ.

ಗೆಜ್ಜೆ ವಿಷಯದಲ್ಲಿ ಎಲ್ಲರೂ ಎರಡೂ ಕಾಲಿಗೆ ಕಟ್ಟುತ್ತಾರೆ. ನಾನು ಬಲಗಾಲಿಗೆ ಮಾತ್ರ ಕಟ್ಟಿಸುತ್ತೇನೆ. ದುಡ್ಡು ಅರ್ಧ ಉಳಿಯಿತು ಅನ್ನೋದು ಒಂದು, ಒಂದು ಕಾಲಿನದ್ದಕ್ಕೆ ಮುನ್ನೂರೈವತ್ತು ಆಗುತ್ತಲ್ಲ. ಇನ್ನೊಂದು, ನಲವತ್ತು ಮಕ್ಕಳು ಕುಣಿಯುವಾಗ ಯಾರ ಕಾಲು ತಪ್ಪಿತು ಅಂತ ಕಣ್ಣಲ್ಲಿ ಹುಡುಕೋಕೆ ಆಗಲ್ಲ. ಒಂದೇ ಕಾಲಿಗೆ ಗೆಜ್ಜೆ ಇದ್ದರೆ, ಬಲ ಬೀಳುವ ಕಡೆ ಎಲ್ಲರದ್ದೂ ಒಟ್ಟಿಗೆ ಝಲ್ ಅನ್ನಬೇಕು. ಎಡ ಬೀಳುವಾಗ ಎಲ್ಲಾದರೂ ಝಲ್ ಅಂದರೆ ಆ ಮೂಲೆಗೆ ತಿರುಗಿದರೆ ಸಾಕು. ತಪ್ಪು ಮಾಡಿದ ಮಗುವೇ ಮೊದಲು ನಾಲಿಗೆ ಕಚ್ಚಿಕೊಳ್ಳುತ್ತದೆ.

ಕೈಗೆ ಪೈಂಟ್ ಡಬ್ಬ. ಇಪ್ಪತ್ತು ಲೀಟರಿನದ್ದು. ಗುಜರಿಯಲ್ಲಿ ಐವತ್ತಕ್ಕೆ ಒಂದು ಸಿಕ್ಕಿತು. ನಲವತ್ತು ಡಬ್ಬಕ್ಕೆ ಎರಡು ಸಾವಿರ. ಮೂರು ಡೊಳ್ಳಿನ ಪಟ್ಟಿ ಕಟ್ಟುವ ಸಮಯದಲ್ಲಿ ನಲವತ್ತು ಜನವೂ ಡಬ್ಬ ಹೆಗಲಿಗೆ ಹಾಕಿ ನಿಂತಿರುತ್ತಾರೆ. ಕೋಲಿಗೆ ಪೇರಲೆ ಕೊಂಬೆ, ತುದಿಗೆ ಸೈಕಲ್ ಟ್ಯೂಬ್ ಸುತ್ತಬೇಕು. ಇಲ್ಲದಿದ್ದರೆ ಡಬ್ಬದ ತಳ ತಿಂಗಳಿಗೆ ಸೀಳುತ್ತದೆ, ಪಕ್ಕದ ಗಣಿತ ಮೇಡಂ ತಾಳ್ಮೆ ಅದಕ್ಕೂ ಮುಂಚೆ ಸೀಳುತ್ತದೆ. ಎಡಗೈ ಮೆದು ಇರುವ ಮಕ್ಕಳಿಗೆ ಅಂಗೈ ಪೆಟ್ಟು ಬರಿಸುವ ಒಂದು ಉಪಾಯ ಇದೆ. ಸುತ್ತು ಹೊಡೆಯುವಾಗ ಹೆಗಲ ಪಟ್ಟಿ ಜಾರದ ಹಾಗೆ ಹಾಕುವ ಗಂಟೂ ಒಂದಿದೆ. ಅವೆರಡನ್ನು ಇಲ್ಲಿ ಬರೆಯಲ್ಲ. ಶಿವಮೊಗ್ಗಕ್ಕೆ ಬಂದರೆ ತೋರಿಸುತ್ತೇನೆ, ಕಾಫಿ ನಿಮ್ಮದು.

ನಡುವೆ ಬೇರೆ ಆಟಗಳನ್ನೂ ಆಡಿದೆ. ಊರಿಂದ ಅಡಿಕೆ ಹಾಳೆ ತಂದು ನೆಲಕ್ಕೆ ಹಾಸಿ ಅದರ ಮೇಲೆ ಕುಣಿಸಿದೆ. ಒಣ ಹಾಳೆಯ ಮೇಲೆ ಕಾಲು ಬಿದ್ದರೆ ಬರುವ ಚಟಾರ್ ಸದ್ದು ಎಷ್ಟು ಚಂದ ಅಂದ್ರೆ, ಮೈಕ್ ಇಲ್ಲದೆ ಕೊನೇ ಸಾಲಿಗೆ ಕೇಳುತ್ತದೆ. ಆದರೆ ಎರಡು ಕ್ಲಾಸಿಗೆ ಹಾಳೆ ಪುಡಿ. ಸ್ವಲ್ಪ ನೆನೆಸಿದರೆ ಬಾಳಿಕೆ ಬರುತ್ತದೆ, ಸದ್ದು ಹೋಗುತ್ತದೆ. ಈಗಲೂ ಅದರ ಹಿಂದೆ ಬಿದ್ದಿದ್ದೇನೆ. ತೆಂಗಿನ ಕರಟ ಎರಡೆರಡು ಕೈಗೆ ಕೊಟ್ಟಿದ್ದು ಒಂದನೇ, ಎರಡನೇ ಕ್ಲಾಸಿನವರಿಗೆ ಚೆನ್ನಾಗಿ ಒಗ್ಗಿತು. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಸದ್ದು ಡೊಳ್ಳಿಗೆ ಬಹಳ ಹತ್ತಿರ, ಆದರೆ ಕುಣಿಯುವಾಗ ಹಿಡಿತಕ್ಕೆ ಸಿಗಲ್ಲ.

ದಸರಾ ರಜೆ ಮುಗಿದ ಮೇಲೆ ಎಂಟು ಡೊಳ್ಳು ತಂದೆ. ಶೂ ಬಿಚ್ಚಿ, ಡೊಳ್ಳು ನೆಲಕ್ಕೆ ತಾಗದ ಹಾಗೆ ಕಂಬಳಿ ಮೇಲೆ ಇಟ್ಟೆ. ಅದು ದೇವರ ವಾದ್ಯ, ಆ ಮರ್ಯಾದೆ ಶಾಲೆಯಲ್ಲೂ ಇರಬೇಕು. ನಮಸ್ಕಾರ ಮಾಡುವವರು ಮಾಡಿದರು, ಉಳಿದವರು ಕೈ ಇಟ್ಟು ನೋಡಿದರು. ಯಾರಿಗೂ ಒತ್ತಾಯ ಇಲ್ಲ. ಊರಲ್ಲಿ ಹೊಸಬ ಹುಡುಗ ಒಂದು ಜಾತ್ರೆ ಕಾಲ ಪೂರ್ತಿ ತೆಗೆದುಕೊಳ್ಳುವ ಗತ್ತನ್ನು ಇವರು ಎರಡು ವಾರಕ್ಕೆ ಹಿಡಿದರು. ಹೊಸದಾಗಿ ಕಲಿಯಬೇಕಾಗಿದ್ದು ಭಾರ ಹೊರೋದು ಒಂದೇ ತಾನೆ? ಎಂಟು ಜನ ಡೊಳ್ಳಲ್ಲಿ, ಉಳಿದವರು ಡಬ್ಬದಲ್ಲಿ, ಎಲ್ಲರ ಕಾಲೂ ಒಂದೇ. ಆ ವರ್ಷ ಪ್ರತಿಭಾ ಕಾರಂಜಿಯ ಜಾನಪದ ನೃತ್ಯದಲ್ಲಿ ಕ್ಲಸ್ಟರ್ ದಾಟಿ ತಾಲ್ಲೂಕಿಗೆ ಹೋದೆವು. ಎದುರು ಇದ್ದದ್ದು ಸಿನಿಮಾ ಹಾಡಿಗೆ ಜಾನಪದ ಸೀರೆ ಉಡಿಸಿದ ತಂಡಗಳು ಅನ್ನೋದನ್ನೂ ಹೇಳಿಬಿಡಬೇಕು. ನಕ್ಕಿದ್ದ ಹಿರಿಯರು ಅಭ್ಯಾಸದ ದಿನ ಕಾಂಪೌಂಡ್ ಹೊರಗೆ ನಿಂತು ಕೇಳಿ "ಇದು ಯಾವ ಊರಿನ ತಂಡ?" ಅಂತ ವಾಚ್‌ಮನ್ ಹತ್ತಿರ ವಿಚಾರಿಸಿದರಂತೆ. ನನ್ನ ಎದುರಿಗೆ ಮಾತ್ರ "ಪರವಾಗಿಲ್ಲ ಮಾರಾಯ" ಅಂದರು, ಅಷ್ಟೇ.

ವಾರ್ಷಿಕೋತ್ಸವಕ್ಕೆ ಎಲ್ಲರಿಗೂ ಪಿರಮಿಡ್ ಬೇಕು. ಡೊಳ್ಳಿನ ಮೇಲೆ ಮಗು ಹತ್ತಿ ನಿಲ್ಲಬೇಕು, ಅಪ್ಪ ಅಮ್ಮ ಫೋಟೋ ಹೊಡೀಬೇಕು. ನಮ್ಮ ತಂಡದ ದೊಡ್ಡವರು ಮಾಡುತ್ತಾರೆ, ವರ್ಷಗಟ್ಟಲೆ ಮಾಡಿದವರು. ವಾರಕ್ಕೆ 80 ನಿಮಿಷ ಸಿಗುವ ಮಕ್ಕಳಿಗೆ ನಾನು ಮಾಡಿಸಲ್ಲ. ಈ ಒಂದು ಮಾತಿಗೆ ಒಂದು ಶಾಲೆ ಕೈತಪ್ಪಿತು. ಹೋಗಲಿ.

ಲೆಕ್ಕ ಕೇಳುವವರಿಗೆ: ಒಂದು ಮಗುವಿಗೆ ತಿಂಗಳಿಗೆ ನೂರು ರೂಪಾಯಿ. ಎರಡೂ ಶಾಲೆ ಸೇರಿ ಹನ್ನೊಂದು ಸಾವಿರ ಚಿಲ್ಲರೆ ಬರುತ್ತದೆ. ಡೊಳ್ಳು ಬರುವ ತಿಂಗಳುಗಳಲ್ಲಿ ಗೂಡ್ಸ್ ಆಟೋಗೆ ಒಂದು ಸಲಕ್ಕೆ ನಾನೂರು. ಹಾಗಾಗಿ ವಾರಕ್ಕೊಂದು ಸಲ ಮಾತ್ರ ತರಿಸುತ್ತೇನೆ, ಇನ್ನೊಂದು ಪೀರಿಯಡ್ ಡಬ್ಬದಲ್ಲೇ. ಸೊಸೈಟಿ ಕಂತು, ಚರ್ಮ, ಹಗ್ಗ ಕಳೆದು ಆರೇಳು ಸಾವಿರ ಕೈಯಲ್ಲಿ ಉಳಿದರೆ ಪುಣ್ಯ. ಇದನ್ನೇ ನಂಬಿ ಅಡಿಕೆ ತೋಟ ಬಿಡಬೇಡಿ. ದುಡ್ಡು ಮುಂಗಡ ಇಸಿದುಕೊಳ್ಳಿ, ಮೂರು ತಿಂಗಳದ್ದು ಒಟ್ಟಿಗೆ. ನಾಚಿಕೆ ಬೇಡ.

ಡಬ್ಬ ತರುವವರಿಗೆ ಒಂದು ಮಾತು. ಗುಜರಿಯಲ್ಲಿ ಗೋಡೆಗೆ ಹೊಡೆಯುವ ಎಮಲ್ಷನ್ ಡಬ್ಬವನ್ನೇ ಆರಿಸಿ. ಅದು ನೀರಲ್ಲಿ ತೊಳೆದರೆ ಹೋಗುತ್ತದೆ. ಆಯಿಲ್ ಪೈಂಟಿನದ್ದು ತಂದರೆ ಥಿನ್ನರ್‌ಗೆ ಮತ್ತೆ ದುಡ್ಡು, ಜೊತೆಗೆ ಕ್ಲಾಸೆಲ್ಲ ವಾಸನೆ. ಹಿಡಿಯ ತಂತಿ ಕಿತ್ತು ಎಸೆಯಬೇಡಿ, ಪಟ್ಟಿ ಕಟ್ಟೋಕೆ ಅದೇ ಬೇಕು.