ಒಂದೇ ದೂರ, ನಾಲ್ಕು ಥರದ ಸಮಯ: ನನ್ನ ವಿಮಾನದ ಲೆಕ್ಕ

ಟೋಕಿಯೊದಿಂದ ಲಾಸ್ ಏಂಜಲೀಸ್‌ಗೆ ಹೊರಡುವ ಮೊದಲು ಚೀಟಿಯಲ್ಲಿ ಬರೆದೆ: ಆಕಾಶದಲ್ಲಿ 9 ಗಂಟೆ 20 ನಿಮಿಷ. ಹೊರಟ 9 ಗಂಟೆ 14 ನಿಮಿಷಕ್ಕೆ ಚಕ್ರ ನೆಲ ಮುಟ್ಟಿತು. "ಆಪ್ ಇರುವಾಗ ಇದೆಲ್ಲ ಯಾಕೆ ಮಾರಾಯ" ಅಂತ ಎರಡು ವರ್ಷ ಕಾಲೆಳೆದ ಗೆಳೆಯ ಪಕ್ಕದ ಸೀಟಿನಲ್ಲೇ ಇದ್ದ. ಚೀಟಿ ಅವನ ಜೇಬಿನಲ್ಲೇ ಇತ್ತು.

ಹಾರಾಟದ ಸಮಯವನ್ನು ನಾನೇ ಲೆಕ್ಕ ಹಾಕುವ ಈ ಹುಚ್ಚು ಹತ್ತಿದ್ದು ದುಡ್ಡು ಹೋದ ಮೇಲೆ. ಟೋಕಿಯೊದಿಂದ ಮುಂದಿನ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಮೊದಲು ಅದನ್ನೇ ಕೊಂಡೆ. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ 7,800 ಕಿ.ಮೀ., ಒಂಬತ್ತೂವರೆ ಗಂಟೆ ಸಾಕು ಅಂತ ಅಂದಾಜು. ಗುಣಾಕಾರ ಭಾಗಾಕಾರ ಎಲ್ಲ ಸರಿ ಇತ್ತು. ಆದರೆ 2022ರಿಂದ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಬಂದ್. ಸುತ್ತಿ ಹೋಗಬೇಕು, ಹೆಚ್ಚುಕಡಿಮೆ 13 ಗಂಟೆ. ಹೆಲ್ಸಿಂಕಿಯಿಂದ ಯಾವ ವಿಮಾನವೂ ಆ ಟಿಕೆಟ್‌ನ ಹೊತ್ತಿಗೆ ಹೊಂದಲಿಲ್ಲ, ಅಗ್ಗದ ಟಿಕೆಟ್‌ನ ಹಣ ವಾಪಸ್ ಬರಲಿಲ್ಲ. ಆಮೇಲೆ ಒಂದು ಆಪ್‌ಗೆ ವರ್ಷದ ಚಂದಾ ಕಟ್ಟಿದೆ. ಅದೂ ದೂರವನ್ನು ವೇಗದಿಂದ ಭಾಗಿಸಿ ಕೊಡ್ತಿತ್ತು, ಅಷ್ಟೇ!

ಹಾಗಾಗಿ ನಾನೇ ಕಂಪ್ಯೂಟರಿನಲ್ಲಿ ಲೆಕ್ಕದ ಹಾಳೆ ತೆರೆದೆ. ಎರಡು ಊರುಗಳ ಅಕ್ಷಾಂಶ, ರೇಖಾಂಶ ಕೊಟ್ಟರೆ ಗೋಳದ ಮೇಲಿನ ಅತಿ ಹತ್ತಿರದ ದೂರ ಹೇಳುವ ಹ್ಯಾವರ್ಸೈನ್ ಸೂತ್ರ ಹಾಕಿದೆ. ಡಿಗ್ರಿಯನ್ನು ರೇಡಿಯನ್‌ಗೆ (ಕೋನ ಅಳೆಯುವ ಇನ್ನೊಂದು ಮಾನ) ಬದಲಿಸದೆ ಒಂದು ಸಂಜೆ ಹಾಳು ಮಾಡಿಕೊಂಡೆ, ಅದಿರಲಿ. ನಿಜವಾಗಿ ಕೈಕೊಟ್ಟಿದ್ದು ಮೈನಸ್ ಚಿಹ್ನೆ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಲು ಮರೆತಿದ್ದೆ. ಆದರೂ ಲಂಡನ್–ಲಾಸ್ ಏಂಜಲೀಸ್ 8,780 ಕಿ.ಮೀ. ಅಂತ ಸರಿಯಾಗೇ ಬಂತು, ಯಾಕೆಂದರೆ ಎರಡೂ ಊರಿನ ವಿಮಾನ ನಿಲ್ದಾಣ ಸೊನ್ನೆ ರೇಖಾಂಶದ ಪಶ್ಚಿಮದಲ್ಲೇ ಇವೆ. ಎರಡಕ್ಕೂ ಮೈನಸ್ ಬಿಟ್ಟರೆ ವ್ಯತ್ಯಾಸ ಅಷ್ಟೇ ಉಳಿಯುತ್ತದೆ. ವಾರಗಟ್ಟಲೆ ಬೀಗಿದೆ. ಟೋಕಿಯೊ ಹಾಕಿದಾಗ ಲಾಸ್ ಏಂಜಲೀಸ್ ಬರೀ ಎರಡು ಸಾವಿರ ಕಿ.ಮೀ. ಆಚೆ ಬಂದು ಕೂತಿತು! ಚೀನಾದೊಳಗೇ ಎಲ್ಲೋ ಇರಬೇಕು.

ಸರಿಪಡಿಸಿದಾಗ ಅದೂ 8,770ರ ಆಸುಪಾಸು. ಎರಡೂ ದಾರಿ ಒಂದೇ ಉದ್ದ, ಅಲ್ವಾ? ಆದರೆ ವೇಳಾಪಟ್ಟಿ ನೋಡಿ. ಟೋಕಿಯೊದಿಂದ ಹೋಗಲು ಸುಮಾರು 10 ಗಂಟೆ, ವಾಪಸ್ ಹನ್ನೊಂದೂವರೆ ದಾಟುತ್ತದೆ. ಲಂಡನ್‌ನಿಂದ ಹೋಗಲು 11ರ ಮೇಲೆ, ಬರಲು ಹತ್ತೂಕಾಲು. ಜೆಟ್ ಸ್ಟ್ರೀಮ್ ಅಂದರೆ ತುಂಬಾ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ. ಪೂರ್ವಕ್ಕೆ ಹೊರಟವರಿಗೆ ಅದು ಬೆನ್ನು ತಟ್ಟುತ್ತದೆ, ಪಶ್ಚಿಮಕ್ಕೆ ಹೊರಟವರ ಎದೆಗೆ ಬಡಿಯುತ್ತದೆ.

ಈಗ ನನ್ನ ಲೆಕ್ಕ ಹೀಗೆ: ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ, ವಿಮಾನ ಏರುವುದಕ್ಕೆ, ಇಳಿಯುವುದಕ್ಕೆ ಅಂತ 20 ನಿಮಿಷ ಸೇರಿಸುತ್ತೇನೆ. ಗಾಳಿಗೆ ತಕ್ಕಂತೆ ಕಳೆಯುವುದೋ ಕೂಡುವುದೋ. ನಿಲ್ದಾಣದ ಗೇಟಿನಿಂದ ಗೇಟಿಗೆ ಬೇಕಿದ್ದರೆ ಇನ್ನೂ ಅರ್ಧ ಗಂಟೆ. ಮುಚ್ಚಿದ ಆಕಾಶ ಅಡ್ಡ ಬಂದರೆ ದಾರಿಯನ್ನು ತುಂಡು ಮಾಡಿ ಬೇರೆ ಬೇರೆ ಅಳೆಯುತ್ತೇನೆ. ಗಾಳಿಯ ಅಂಕಿಯನ್ನು ತಿಂಗಳಿಂದ ತಿಂಗಳಿಗೆ ಹೇಗೆ ಬದಲಿಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಗ್ಲೋಬ್ ಮೇಲೆ ದಾರ ಹಿಡಿದೂ ನೋಡಿದೆ. 30 ಸೆಂ.ಮೀ. ಅಗಲದ ಗ್ಲೋಬ್‌ನಲ್ಲಿ ಒಂದು ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ಹತ್ತಿ ದಾರ ಎಳೆದಷ್ಟೂ ಹಿಗ್ಗಿ ಒಂದು ದೇಶವನ್ನೇ ನುಂಗಿತು. ಮೀನು ಹಿಡಿಯುವ ಸಣ್ಣ ನೈಲಾನ್ ದಾರ ಪರವಾಗಿಲ್ಲ, ತಪ್ಪು ನೂರಿನ್ನೂರು ಕಿ.ಮೀ. ಒಳಗೇ ಇತ್ತು.

ಈಗ ಸಿಡ್ನಿಯಿಂದ ಚಿಲಿಯ ಸ್ಯಾಂಟಿಯಾಗೊ ದಾರಿ ಹಿಡಿದಿದ್ದೇನೆ. ಸುಮಾರು 11,300 ಕಿ.ಮೀ., ದಾರ ಹಿಡಿದರೆ ಅಂಟಾರ್ಕ್ಟಿಕಾ ಕಡೆ ಬಾಗುತ್ತದೆ. ಇಲ್ಲಿ ಇನ್ನೂ ಅರ್ಧ ಗಂಟೆ ತಪ್ಪುತ್ತಿದೆ. ಗೆಳೆಯನಿಗೆ ಹೇಳಿಲ್ಲ.