ಕೋಡ್ ಬ್ಲೂ ತಂಡ ಬರುವುದಕ್ಕೆ ಮೊದಲು

ವಾರ್ಡಿನಲ್ಲಿ ರೋಗಿಯ ಹೃದಯ ಬಡಿತ ನಿಂತಾಗ ಹತ್ತಿರದಲ್ಲಿರುವವರು ಹೆಚ್ಚಾಗಿ ನನ್ನಂಥ ನರ್ಸ್‌ಗಳೇ. ಹೃದಯ ನಿಂತವರಿಗಾಗಿ ತುರ್ತಾಗಿ ಧಾವಿಸುವ ಕೋಡ್ ಬ್ಲೂ ತಂಡ ಎಷ್ಟು ಬೇಗ ಓಡಿ ಬಂದರೂ ಅದಕ್ಕೆ ಮುಂಚಿನ ಒಂದೆರಡು ನಿಮಿಷ ನಮ್ಮ ಪಾಲಿನದು. ಆ ಹೊತ್ತಿನಲ್ಲಿ ಎದೆಯ ಮೇಲೆ ಕೈ ಎಷ್ಟು ಬೇಗ ಬಿತ್ತು ಎಂಬುದಕ್ಕೆ, ಆಮೇಲೆ ಬರುವ ಔಷಧಿಗಳಿಗಿಂತಲೂ ಹೆಚ್ಚಿನ ತೂಕವಿದೆ ಎಂದು ನಾನು ನಂಬಿದ್ದೇನೆ.

ರೋಗಿಯ ಭುಜ ತಟ್ಟಿ ಗಟ್ಟಿಯಾಗಿ ಕರೆಯುತ್ತೇನೆ. ಓಗೊಡದಿದ್ದರೆ, ಅಲ್ಲಿಂದ ಕದಲದೆ ತುರ್ತು ಗುಂಡಿ ಒತ್ತಿ ಸಹೋದ್ಯೋಗಿಗಳನ್ನು ಕೂಗುತ್ತೇನೆ. ಬಳಿಕ ಕೊರಳಿನ ನಾಡಿಯ ಮೇಲೆ ಬೆರಳಿಟ್ಟುಕೊಂಡೇ ಎದೆಯ ಏರಿಳಿತವನ್ನು ಗಮನಿಸುತ್ತೇನೆ. ಎರಡೂ ಒಟ್ಟಿಗೆ ನಡೆಯಬೇಕು, 10 ಸೆಕೆಂಡು ಮೀರಬಾರದು. ನಾಡಿ ಖಚಿತವಾಗಿ ಸಿಗದಿದ್ದರೆ ಮತ್ತೆ ಹುಡುಕುತ್ತಾ ಕೂರದೆ ಎದೆ ಒತ್ತಲು ತೊಡಗುತ್ತೇನೆ.

ಹೊಸಬರು ತಡವರಿಸುವುದು ಏದುಸಿರಿನ ವಿಷಯದಲ್ಲಿ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವು ರೋಗಿಗಳು ಬಾಯಿ ತೆರೆದು, ಬಿಟ್ಟು ಬಿಟ್ಟು, ಗೊರಕೆಯಂಥ ಸದ್ದಿನೊಂದಿಗೆ ಗಾಳಿ ಎಳೆಯುತ್ತಾರೆ. ಅದನ್ನು ಕಂಡು ‘ಉಸಿರಾಡುತ್ತಿದ್ದಾರೆ’ ಎಂದು ಆಮ್ಲಜನಕದ ಮಾಸ್ಕ್ ಹಾಕಲು ಹೊರಟರೆ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ, ಏಕೆಂದರೆ ಅದು ಉಸಿರಾಟವಲ್ಲ, ಹೃದಯ ನಿಂತಿರುವುದರ ಲಕ್ಷಣ. ಮಾನಿಟರ್ ಕೂಡ ದಾರಿ ತಪ್ಪಿಸಬಲ್ಲದು: ರೋಗಿಯ ಮೈಗೆ ಅಂಟಿಸಿದ ಲೀಡ್ (ತಂತಿ) ಕಳಚಿದರೆ ಮಾತನಾಡುತ್ತಿರುವ ರೋಗಿಯ ಪರದೆಯಲ್ಲೂ ನೇರ ಗೆರೆ ಬರುತ್ತದೆ, ಇನ್ನೊಂದೆಡೆ, ಪರದೆಯಲ್ಲಿ ಅಚ್ಚುಕಟ್ಟಾದ ಅಲೆಗಳಿದ್ದರೂ ನಾಡಿಯೇ ಇಲ್ಲದಿರಬಹುದು. ಆದ್ದರಿಂದ ನಾನು ಮೊದಲು ನೋಡುವುದು ರೋಗಿಯನ್ನು.

ಆಸ್ಪತ್ರೆಯ ಹಾಸಿಗೆ ಮೆತ್ತಗಿರುತ್ತದೆ, ಒತ್ತಿದ ಬಲದ ಒಂದು ಪಾಲನ್ನು ಅದೇ ನುಂಗುತ್ತದೆ. ಗಾಳಿ ಹಾಸಿಗೆಯಾಗಿದ್ದರೆ ಅದರ ಗಾಳಿ ಬಿಡಿಸುತ್ತೇವೆ. ಬೆನ್ನಿನಡಿ ಗಟ್ಟಿ ಹಲಗೆ ಸೇರಿಸುವುದಾದರೆ ಅದಕ್ಕಾಗಿ ಒತ್ತುವಿಕೆಯನ್ನು ತಡಮಾಡುವುದಿಲ್ಲ. ಮಂಚ ಎತ್ತರವಾದರೆ ಕಾಲ್ಮಣೆಯ ಮೇಲೆ ನಿಲ್ಲುತ್ತೇನೆ, ಮೊಣಕೈ ಮಡಿಸದೆ ಮೈಭಾರವನ್ನೇ ಇಳಿಸಲು ಅದು ಬೇಕು. ಎದೆಮೂಳೆಯ ಕೆಳ ಅರ್ಧದ ಮೇಲೆ, ವಯಸ್ಕರಲ್ಲಿ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಹೃದಯಕ್ಕೆ ರಕ್ತ ಮರಳುವುದು ಆಗಲೇ. ದಣಿದವರು ತಮಗೇ ಅರಿವಿಲ್ಲದೆ ಎದೆಯ ಮೇಲೆ ಭಾರ ಬಿಟ್ಟು ನಿಂತುಬಿಡುತ್ತಾರೆ. ಅದಕ್ಕೇ, ಒತ್ತುತ್ತಿರುವವರು ‘ನನಗೇನೂ ಆಯಾಸವಿಲ್ಲ’ ಎಂದರೂ, 2 ನಿಮಿಷಕ್ಕೊಮ್ಮೆ ಆಳು ಬದಲಿಸುತ್ತೇವೆ. ಪಕ್ಕೆಲುಬು ಮುರಿಯುವ ಸದ್ದು ಕೇಳಿಸಿದಾಗ ಕೈಯ ಜಾಗ ಸರಿಯಿದೆಯೇ ಎಂದು ನೋಡಿಕೊಂಡು ಮುಂದುವರಿಸುತ್ತೇನೆ.

ಎರಡನೆಯವರು ಬಂದೊಡನೆ ಅಂಬು ಬ್ಯಾಗ್ (ಕೈಯಿಂದ ಹಿಂಡಿ ಉಸಿರು ಕೊಡುವ ಚೀಲ) ಅವರ ಕೈಗೆ ಹೋಗುತ್ತದೆ: 30 ಒತ್ತುವಿಕೆಗೆ 2 ಉಸಿರು. ಗಾಬರಿಯಲ್ಲಿ ಬ್ಯಾಗನ್ನು ಜೋರಾಗಿ, ಪದೇಪದೇ ಹಿಂಡುವವರನ್ನು ತಡೆಯಲೇಬೇಕಾಗುತ್ತದೆ. ಎದೆಯೊಳಗೆ ಒತ್ತಡ ಹೆಚ್ಚಿದರೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಮೂರನೆಯವರ ಕೆಲಸ ಡಿಫಿಬ್ರಿಲೇಟರ್, ಅಂದರೆ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಯಂತ್ರ. ಪ್ಯಾಡ್ ಅಂಟಿಸುವಾಗಲೂ, ಯಂತ್ರ ಚಾರ್ಜ್ ಆಗುವಾಗಲೂ ನಾನು ಕೈ ತೆಗೆಯುವುದಿಲ್ಲ. ಪರದೆಯಲ್ಲಿ ಹೃದಯದ ಲಯ ನೋಡಲು ಮತ್ತು ಶಾಕ್ ಕೊಡಲು ಮಾತ್ರ ಸರಿಯುತ್ತೇನೆ. ಆಮ್ಲಜನಕವನ್ನು ದೂರ ಸರಿಸಿ, ಯಾರೂ ಮಂಚ ಮುಟ್ಟಿಲ್ಲವೆಂದು ಖಚಿತಪಡಿಸಿಕೊಂಡು ಶಾಕ್ ಕೊಟ್ಟ ಕ್ಷಣವೇ, ನಾಡಿ ನೋಡಲು ನಿಲ್ಲದೆ, ಮತ್ತೆ ಒತ್ತುತ್ತೇವೆ. ವಾರ್ಡುಗಳಲ್ಲಿ ಹೆಚ್ಚಾಗಿ ಸಿಗುವುದು ಶಾಕ್‌ಗೆ ಬಗ್ಗದ, ಅಂದರೆ ಶಾಕ್‌ನಿಂದ ಸರಿಹೋಗದ ಲಯಗಳೇ. ಆಗ 1 ಮಿಲಿಗ್ರಾಂ ಅಡ್ರಿನಲಿನ್ ಬೇಗ ಹೋಗಬೇಕು, ಮುಂದೆ 3ರಿಂದ 5 ನಿಮಿಷಕ್ಕೊಮ್ಮೆ.

ತಂಡದ ಮುಖ್ಯಸ್ಥರು ಬಂದಾಗ ಒತ್ತುತ್ತಲೇ ವರದಿ ಒಪ್ಪಿಸುತ್ತೇನೆ: ಕುಸಿದ ಸಮಯ, ಒತ್ತಲು ಶುರುಮಾಡಿದ ಸಮಯ, ದಾಖಲಾದ ಕಾರಣ, ರಕ್ತದ ಕೊನೆಯ ಪೊಟ್ಯಾಸಿಯಂ ವರದಿ, ಸ್ವಲ್ಪ ಮುಂಚೆ ಕೊಟ್ಟ ಔಷಧಿ, ಐವಿ ಲೈನ್ (ರಕ್ತನಾಳಕ್ಕೆ ಔಷಧಿ ಹೋಗುವ ಕೊಳವೆ) ಯಾವ ಕೈಯಲ್ಲಿದೆ ಎಂಬುದು. ಹೃದಯ ನಿಂತ ಕಾರಣದ ಸುಳಿವು ಬಹಳ ಸಲ ಇಷ್ಟರಲ್ಲೇ ಇರುತ್ತದೆ.