ಸೆಕೆಂಡ್ ಹ್ಯಾಂಡ್ ಎಸ್‌ಯುವಿಯ ನಡುಕ ಕೊನೆಗೂ ನಿಂತದ್ದು ಹೀಗೆ
ಡೀಸೆಲ್ ಗಾಡಿ, 6 ಸ್ಪೀಡ್ ಆಟೋಮ್ಯಾಟಿಕ್, 1,12,000 ಕಿ.ಮೀ. ಓಡಿದ್ದು. ಕುಶಾಲನಗರದಿಂದ ಮಡಿಕೇರಿಗೆ ಹತ್ತುವಾಗ 50–70ರ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿದರೆ ಒಂದೆರಡು ಸೆಕೆಂಡ್ ಗಡಗಡ. ಜೋರಾಗಿ ಒತ್ತಿದರೆ ಇಲ್ಲ.

ವೀಲ್ ಬ್ಯಾಲೆನ್ಸಿಂಗ್, ಎಂಜಿನ್ ಮೌಂಟ್, ಡೀಸೆಲ್ ಫಿಲ್ಟರ್ ಎಲ್ಲಾ ಆಯಿತು. ಇಂಜೆಕ್ಟರ್ ಕ್ಲೀನಿಂಗ್ ಸುಮ್ನೆ ದಂಡ. ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸೇ ಬದಲಿಸಿ ಅಂದರು.

ಸುಳಿವು ಸಿಕ್ಕಿದ್ದು ಬ್ರೇಕಿನಿಂದ. ಹಿಂದಿನಿಂದ ಬೇರೆ ಗಾಡಿ ಬರದಿದ್ದಾಗ, ನಡುಕದ ಮಧ್ಯೆ ಬ್ರೇಕ್ ಪೆಡಲನ್ನು ಎಡಗಾಲಿನಲ್ಲಿ ಬರೀ ಮುಟ್ಟಿದೆ. ತಕ್ಷಣ ನಿಂತಿತು. ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವುದು ಟಾರ್ಕ್ ಕನ್ವರ್ಟರ್; ಎರಡನ್ನೂ ನೇರವಾಗಿ ಬಿಗಿಯುವುದು ಅದರೊಳಗಿನ ಲಾಕಪ್ ಕ್ಲಚ್. ಬ್ರೇಕ್ ಮುಟ್ಟಿದರೆ ಆ ಕ್ಲಚ್ ಬಿಡುತ್ತದೆ. ತೊಂದರೆ ಅಲ್ಲೇ, ಎಂಜಿನ್‌ನಲ್ಲಲ್ಲ.

ಗೇರ್‌ಬಾಕ್ಸಿನ ಡ್ರೈನ್ ಪ್ಲಗ್ ಬಿಚ್ಚಿದರೆ ಕಾಫಿ ಡಿಕಾಕ್ಷನ್ ಥರ ಕಪ್ಪು ಆಯಿಲ್. ಅದರ ತಳದ ಪ್ಯಾನಿನ ಮ್ಯಾಗ್ನೆಟ್ ಮೇಲೆ ಬೂದು ಪೇಸ್ಟ್ ಮಾತ್ರ ಇತ್ತು, ಲೋಹದ ಚೂರು ಇರಲಿಲ್ಲ. ಚೂರಿದ್ದರೆ ಆಯಿಲ್ ಬದಲಿಸುವ ಈ ಉಪಾಯ ಸಾಲದು.

ಗೇರ್‌ಬಾಕ್ಸ್ ಫಿಲ್ಟರ್ ಬದಲಿಸಿದೆ. ಇಳಿದ ಆಯಿಲ್ ಅಳೆದೆ, 4 ಲೀಟರ್. ಮ್ಯಾನುಯಲ್ ಹೇಳಿದ ಗ್ರೇಡನ್ನೇ ಅಷ್ಟೇ ಹಾಕಿದೆ. ಹಳೆಯದು ಕನ್ವರ್ಟರಿನಲ್ಲಿ ಉಳಿಯುವುದರಿಂದ 300 ಕಿ.ಮೀ.ಗೊಮ್ಮೆ ಇನ್ನೆರಡು ಸಲ ಇಳಿಸಿ ಹಾಕಿದೆ. ಪ್ರತಿ ಸಲ ಲೆವೆಲ್ ನೋಡಿದ ಕ್ರಮ: ಗಾಡಿ ಸಮತಟ್ಟಾಗಿ ನಿಲ್ಲಬೇಕು (ಮಡಿಕೇರಿಯಲ್ಲಿ ಅಂಥ ಜಾಗ ಹುಡುಕೋದೇ ಕಷ್ಟ). ಎಂಜಿನ್ ಆನ್, ಬ್ರೇಕ್ ಒತ್ತಿ ಗೇರ್ ಲಿವರ್ ಪಿ, ಆರ್, ಎನ್, ಡಿ ಒಂದೊಂದರಲ್ಲಿ 5 ಸೆಕೆಂಡ್, ಮತ್ತೆ ಪಿ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರಿನಲ್ಲಿ ಆಯಿಲ್ 40 ಡಿಗ್ರಿ ತೋರಿಸಿದಾಗ ಲೆವೆಲ್ ಪ್ಲಗ್ ತೆಗೆದೆ. ಧಾರೆ ಹೋಗಿ ಹನಿಹನಿ ಆದಾಗ ಮುಚ್ಚಿದೆ. ನಿಮ್ಮ ಗಾಡಿಗೆ ಡಿಗ್ರಿ ಬೇರೆ ಇರಬಹುದು, ಮ್ಯಾನುಯಲ್ ನೋಡಿ.

ಕೊನೆಗೆ ಸ್ಕ್ಯಾನರಿನಿಂದ ಗೇರ್‌ಬಾಕ್ಸ್ ಅಡಾಪ್ಟೇಶನ್ (ಗೇರ್ ಬದಲಿಸಲು ಕಂಪ್ಯೂಟರ್ ಕಲಿತಿಟ್ಟ ಹೊಂದಾಣಿಕೆ) ರೀಸೆಟ್. ಎರಡನೇ ಸಲಕ್ಕೆ ನಡುಕ ಅರ್ಧ ಆಗಿತ್ತು. ಮೂರನೇ ಸಲ ಹಾಕಿ 2,000 ಕಿ.ಮೀ. ಆಯಿತು, ಸಂಪಾಜೆ ಘಾಟಿಯಲ್ಲೂ ಬಂದಿಲ್ಲ.